ರಂಗದ ಕುಸ್ತಿಯಲ್ಲಿ ಸುಳ್ಳೆಷ್ಟು, ನಿಜವೆಷ್ಟು?

ಮಂಡ್ಯ, ಮದ್ದೂರು, ಮಳವಳ್ಳಿಗಳ ಸೀಮೆಯಲ್ಲಿ ಕುಸ್ತಿಯೆಂಬುದು ಹೊಸ ಮಾತಲ್ಲ. ಕೆಂಪು ಮಣ್ಣಿನ ಮಟ್ಟಿ, ಮೂಲೆಯಲ್ಲಿ ನಿಲ್ಲಿಸಿದ ಗದೆ, ಗೋಡೆಯ ಮೇಲೆ ಆಂಜನೇಯನ ಪಟ, ಬೆಳಗಿನ ಜಾವದಲ್ಲಿ ದಂಡೆ ಬಸ್ಕಿ ಹೊಡೆಯುವ ಹುಡುಗರು, ಅವರನ್ನು ಗದರಿಸಿ ತಿದ್ದುವ ಉಸ್ತಾದರು—ಇಂತಹ ಗರಡಿಮನೆಯ ಚಿತ್ರವು ನಮ್ಮ ಹಿರಿಯರ ಮನಸ್ಸಿನಲ್ಲಿ ಅಚ್ಚೊತ್ತಿ ನಿಂತಿದೆ. ಇಂದಿನ ವಿದ್ಯಾರ್ಥಿಯನ್ನು ಕೇಳಿದರೆ ಅವನ ಬಾಯಲ್ಲಿ ಬರುವ ಮಲ್ಲರ ಹೆಸರುಗಳೇ ಬೇರೆ. ಅಂಡರ್‌ಟೇಕರ್, ಜಾನ್ ಸೀನಾ, ರೋಮನ್ ರೀನ್ಸ್ ಮುಂತಾದವರ ವಂಶಾವಳಿಯನ್ನು ಅವನು ತಡವರಿಸದೆ ಹೇಳಬಲ್ಲನು. ಚಲನೆಯ ನಿಯಮಗಳ ಪಾಠ ನಡೆಯುತ್ತಿರುವಾಗ ಹಿಂದಿನ ಬೆಂಚಿನಿಂದ ಒಂದು ಪ್ರಶ್ನೆ ಎದ್ದುಬರುವುದೂ ನಮಗೆ ರೂಢಿಯಾಗಿದೆ: “ಸಾರ್, ಟೀವೀಲಿ ಬರೋ ಕುಸ್ತಿ ನಿಜಾನಾ, ಬರೀ ನಾಟಕಾನಾ?”

ಪ್ರಶ್ನೆಯನ್ನು ನಕ್ಕು ತಳ್ಳಿಹಾಕುವುದು ಸುಲಭ. ಆದರೆ ನಾವೂ ಬಾಲ್ಯದಲ್ಲಿ ಮಲ್ಲರ ಚಿತ್ರವಿದ್ದ ಎಲೆಗಳನ್ನು ಜೇಬಿನಲ್ಲಿ ತುಂಬಿಕೊಂಡು, ಇವನ ತೂಕ ಹೆಚ್ಚು, ಅವನ ಎದೆಯಳತೆ ಹೆಚ್ಚು ಎಂದು ಜಗಳವಾಡಿದವರೇ. ಆದುದರಿಂದ ಅಭಿಮಾನಿಯ ಮನಸ್ಸನ್ನು ಬಿಡದೆ, ಭೌತಶಾಸ್ತ್ರದ ಅಳತೆಗೋಲನ್ನೂ ಕೈಯಲ್ಲಿ ಹಿಡಿದು, ಈ ಪ್ರಶ್ನೆಗೆ ಉತ್ತರವನ್ನು ಹುಡುಕೋಣ.

ಎರಡು ಬಗೆಯ ಕುಸ್ತಿ

ಕನ್ನಡನಾಡಿನಲ್ಲಿ ಮಲ್ಲವಿದ್ಯೆ ಬಹು ಪ್ರಾಚೀನವಾದುದು. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದಕ್ಕೆಂದೇ ಒಂದು ಭಾಗವಿದೆ. ೧೬೩೮ರಿಂದ ೧೬೫೯ರವರೆಗೆ ಶ್ರೀರಂಗಪಟ್ಟಣದಿಂದ ರಾಜ್ಯವಾಳಿದ ರಣಧೀರ ಕಂಠೀರವ ನರಸರಾಜ ಒಡೆಯರು ವೇಷ ಮರೆಸಿಕೊಂಡು ತಿರುಚಿರಾಪಳ್ಳಿಗೆ ಹೋಗಿ ಅಲ್ಲಿನ ಜಟ್ಟಿಯನ್ನು ಸೋಲಿಸಿದ ಕಥೆಯು ೧೯೬೦ರ ಚಲನಚಿತ್ರದಿಂದ ಮನೆಮಾತಾಯಿತು. ಇಂದಿಗೂ ಮೈಸೂರಿನ ದಸರಾ ಬಂದಿತೆಂದರೆ ದೊಡ್ಡಕೆರೆ ಮೈದಾನದಲ್ಲಿ ಜೋಡಿ ಕಟ್ಟಿ ನಾಡಕುಸ್ತಿ ನಡೆಯುತ್ತದೆ. ಎದುರಾಳಿಯ ಬೆನ್ನನ್ನು ನೆಲಕ್ಕೆ ತಾಗಿಸಿ ಚಿತ್ ಮಾಡಿದವನೇ ಗೆದ್ದವನು.

ಇನ್ನೊಂದು ಬಗೆಯದು ರಂಗದ ಕುಸ್ತಿ. ನಾಲ್ಕು ಕಂಬ, ಮೂರು ಸುತ್ತು ಹಗ್ಗ, ನಡುವೆ ಕ್ಯಾನ್ವಾಸು ಹೊದಿಸಿದ ಹಲಗೆಯ ನೆಲ. ನಮ್ಮ ದೇಶದಲ್ಲಿ ಇದನ್ನು ಜನಪ್ರಿಯಗೊಳಿಸಿದವರು ಪಂಜಾಬಿನ ದಾರಾ ಸಿಂಗರು. ‘ಕಿಂಗ್ ಕಾಂಗ್’ ಎಂದು ಹೆಸರಾದ ಎಮಿಲ್ ಕ್ಜಾಯಾನೊಡನೆ ಅವರು ಆಡಿದ ಕುಸ್ತಿಗಳನ್ನು ನೋಡಲು ಜನರು ಕಿಕ್ಕಿರಿದು ನೆರೆಯುತ್ತಿದ್ದರು. ೧೯೬೮ರ ಮೇ ೨೯ರಂದು ಅವರು ಮುಂಬಯಿಯಲ್ಲಿ ಅಮೆರಿಕದ ಲೂ ಥೆಸ್‌ನನ್ನು ಸೋಲಿಸಿ ವಿಶ್ವವಿಜೇತರೆನಿಸಿಕೊಂಡರು. ಮುಂದೆ ೧೯೯೦ರ ದಶಕದಲ್ಲಿ ಅಮೆರಿಕದ ಕುಸ್ತಿಯೇ ಟೀವಿಯ ಮೂಲಕ ನಮ್ಮ ಹಳ್ಳಿಗಳ ಪಡಸಾಲೆಗೂ ಬಂದು ಕುಳಿತಿತು.

ಈ ರಂಗದ ಕುಸ್ತಿಯಲ್ಲಿ ಯಾರು ಗೆಲ್ಲಬೇಕೆಂಬುದು ಮೊದಲೇ ನಿಶ್ಚಯವಾಗಿರುತ್ತದೆ. ಇದು ಗುಟ್ಟೇನೂ ಅಲ್ಲ. ೧೯೮೯ರಲ್ಲಿ ಅಮೆರಿಕದ ನ್ಯೂಜೆರ್ಸಿ ಸಂಸ್ಥಾನದ ಶಾಸಕರ ಮುಂದೆ ಆ ಕುಸ್ತಿಯನ್ನು ನಡೆಸುತ್ತಿದ್ದ ಕಂಪನಿಯವರೇ, ‘ನಮ್ಮದು ಸ್ಪರ್ಧೆಯಲ್ಲ, ಮನರಂಜನೆ’ ಎಂದು ಒಪ್ಪಿಕೊಂಡರು. ಕ್ರೀಡೆಗಳಿಗೆ ವಿಧಿಸಿದ್ದ ಸರಕಾರದ ಕಟ್ಟುಪಾಡುಗಳಿಂದ ಬಿಡುಗಡೆ ಹೊಂದುವುದೇ ಅವರ ಉದ್ದೇಶವಾಗಿದ್ದಿತು.

ಹಾಗಾದರೆ ಇದನ್ನು ಮೋಸವೆನ್ನಬೇಕೆ? ನಮ್ಮ ಮಂಡ್ಯದ ಕಡೆಯ ಹಳ್ಳಿಗಳಲ್ಲಿ ‘ಕುರುಕ್ಷೇತ್ರ’ ನಾಟಕವನ್ನು ರಾತ್ರಿಯೆಲ್ಲ ಆಡುತ್ತಾರೆ. ಭೀಮನೂ ದುರ್ಯೋಧನನೂ ಗದೆ ಹಿಡಿದು ನಿಂತಾಗ ಗೆಲ್ಲುವವನು ಯಾರೆಂಬುದು ಮುಂದಿನ ಸಾಲಿನಲ್ಲಿ ಕುಳಿತ ಮಗುವಿಗೂ ಗೊತ್ತು. ಆದರೂ ಬೆಳಗಿನ ಜಾವದವರೆಗೆ ಒಬ್ಬರೂ ಎದ್ದು ಹೋಗುವುದಿಲ್ಲ. ಫಲಿತಾಂಶ ತಿಳಿದಿದ್ದರೂ ಅದನ್ನು ತಲಪುವ ದಾರಿಯಲ್ಲಿ ರಸವಿರುತ್ತದೆ. ರಂಗದ ಕುಸ್ತಿಯ ಕಥೆಯೂ ಅಷ್ಟೆ. ನಾಟಕವನ್ನು ನಾಟಕವೆಂದು ತಿಳಿದು ನೋಡುವವನು ಮೋಸಹೋದವನಲ್ಲ.

ಆದರೆ ಒಂದು ವ್ಯತ್ಯಾಸವುಂಟು. ನಾಟಕದ ಗದೆ ತಗಡಿನದು ಅಥವಾ ಮರದ್ದು. ಅದು ತೊಡೆಗೆ ತಾಗದಿದ್ದರೂ ಕಥೆ ನಡೆಯುತ್ತದೆ. ರಂಗದ ಕುಸ್ತಿಯಲ್ಲಿ ನೂರು ಕಿಲೋಗ್ರಾಂ ತೂಕದ ಮನುಷ್ಯನನ್ನು ಎತ್ತಿ ಕೆಡಹಿದರೆ ಅವನು ನಿಜವಾಗಿಯೂ ಬೀಳುತ್ತಾನೆ. ಗೆಲವು ಸೋಲುಗಳ ವಿಷಯದಲ್ಲಿ ಇಬ್ಬರೂ ಒಪ್ಪಂದ ಮಾಡಿಕೊಂಡಿರಬಹುದು. ಭೂಮಿಯ ಆಕರ್ಷಣೆಯೊಡನೆ ಒಪ್ಪಂದ ಮಾಡಿಕೊಂಡವರು ಯಾರೂ ಇಲ್ಲ. ಇದೇ ಈ ಲೇಖನದ ತಿರುಳು.

ನಿಲ್ಲುವ ಬಗೆ, ಬೀಳಿಸುವ ಬಗೆ

ಮೊದಲು ನಮ್ಮ ಮಟ್ಟಿಯ ಕುಸ್ತಿಯನ್ನು ನೋಡೋಣ. ಹಿಂದೆ ಮಂಡ್ಯದ ಸಕ್ಕರೆ ಕಾರ್ಖಾನೆಗೆ ಸಾಗುತ್ತಿದ್ದ ಕಬ್ಬಿನ ಎತ್ತಿನಗಾಡಿಗಳನ್ನು ಕಂಡವರಿಗೆ ಒಂದು ಸಂಗತಿ ತಿಳಿದಿರುತ್ತದೆ. ಕಬ್ಬನ್ನು ಎತ್ತರಕ್ಕೆ ಹೇರಿದಷ್ಟೂ, ಒಂದು ಗಾಲಿ ಹಳ್ಳಕ್ಕೆ ಇಳಿದಾಗ ಗಾಡಿ ಮಗುಚುವ ಭಯ ಹೆಚ್ಚು. ವಸ್ತುವಿನ ತೂಕವೆಲ್ಲ ಒಂದೇ ಬಿಂದುವಿನಲ್ಲಿ ನೆಲೆಸಿದೆಯೆಂದು ಭಾವಿಸಬಹುದಾದ ಸ್ಥಾನವೇ ಗುರುತ್ವಕೇಂದ್ರ. ಆ ಕೇಂದ್ರದಿಂದ ಇಳಿಬಿಟ್ಟ ನೂಲು ಗಾಲಿಗಳ ನಡುವೆ ಬೀಳುವವರೆಗೆ ಗಾಡಿ ನಿಲ್ಲುತ್ತದೆ. ಅದು ಗಾಲಿಯ ಆಚೆಗೆ ಹೋಯಿತೆಂದರೆ ಗಾಡಿ ಮಗುಚುತ್ತದೆ. ನೆಟ್ಟಗೆ ನಿಂತ ಮನುಷ್ಯನ ಗುರುತ್ವಕೇಂದ್ರವು ಸುಮಾರಾಗಿ ಹೊಕ್ಕುಳ ಕೆಳಗಿನ ಮಟ್ಟದಲ್ಲಿದೆ. ಅವನ ಎರಡು ಪಾದಗಳೇ ಎರಡು ಗಾಲಿಗಳು.

ಒಂದು ಲೆಕ್ಕವನ್ನು ಮಾಡೋಣ. ೮೦ ಕಿಲೋಗ್ರಾಂ ತೂಕದ ಮಲ್ಲನೊಬ್ಬನು ಪಾದಗಳ ನಡುವೆ ೪೦ ಸೆಂಟಿಮೀಟರ್ ಅಂತರವಿಟ್ಟು ನೆಟ್ಟಗೆ ನಿಂತಿದ್ದಾನೆ. ಅವನ ಭುಜ ನೆಲದಿಂದ ೧೪೦ ಸೆಂಟಿಮೀಟರ್ ಎತ್ತರದಲ್ಲಿದೆ. ಪಕ್ಕದಿಂದ ಭುಜಕ್ಕೆ ನೂಕಿದರೆ ಅವನು ಒಂದು ಪಾದವನ್ನೇ ಆನಿಕೆಯಾಗಿ ಮಾಡಿಕೊಂಡು ಸನ್ನೆಗೋಲಿನಂತೆ ಹೊರಳಬೇಕು. ಅವನನ್ನು ನಿಲ್ಲಿಸುವ ತೂಕ ಆ ಪಾದದಿಂದ ೨೦ ಸೆಂಟಿಮೀಟರ್ ದೂರದಲ್ಲಿದೆ. ಕೆಡಹುವ ಬಲ ೧೪೦ ಸೆಂಟಿಮೀಟರ್ ಎತ್ತರದಲ್ಲಿದೆ. ೮೦ನ್ನು ೨೦ರಿಂದ ಗುಣಿಸಿ ೧೪೦ರಿಂದ ಭಾಗಿಸಿದರೆ ಸುಮಾರು ೧೧ ಬರುತ್ತದೆ. ಎಂದರೆ, ಹನ್ನೊಂದು ಕಿಲೋಗ್ರಾಂ ತೂಕವನ್ನು ಎತ್ತುವಷ್ಟು ಬಲವೇ ಅವನನ್ನು ಉರುಳಿಸಲು ಸಾಕು! ಅವನೇ ಮಂಡಿ ಬಾಗಿಸಿ, ಕಾಲುಗಳನ್ನು ೮೦ ಸೆಂಟಿಮೀಟರ್ ಅಗಲಿಸಿ, ಭುಜವನ್ನು ೧೦೦ ಸೆಂಟಿಮೀಟರಿಗೆ ಇಳಿಸಿದನೆನ್ನಿ. ಈಗ ೮೦ನ್ನು ೪೦ರಿಂದ ಗುಣಿಸಿ ೧೦೦ರಿಂದ ಭಾಗಿಸಬೇಕು; ೩೨ ಬರುತ್ತದೆ. ತೂಕ ಒಂದು ಗುಂಜಿಯಷ್ಟೂ ಹೆಚ್ಚಲಿಲ್ಲ, ಆದರೂ ಅವನು ಹೆಚ್ಚು ಕಡಮೆ ಮೂರು ಪಟ್ಟು ಗಟ್ಟಿಯಾದನು. “ಕಾಲು ಅಗಲಿಸು, ಕೆಳಗೆ ಕೂರು” ಎಂದು ಉಸ್ತಾದರು ಗದರಿಸುವುದರಲ್ಲಿ ಇಷ್ಟು ಗಣಿತ ಅಡಗಿದೆ.

ಪಟ್ಟುಗಳ ಗುಟ್ಟೂ ಇಲ್ಲಿಯೇ ಇದೆ. ಅಗಸನು ಬಟ್ಟೆಯನ್ನು ಹೆಗಲ ಮೇಲಿಂದ ಬೀಸಿ ಕಲ್ಲಿಗೆ ಒಗೆಯುವಂತೆ ಎದುರಾಳಿಯನ್ನು ಎಸೆಯುವ ಧೋಬಿ ಪಟ್ಟಿನಲ್ಲಿ, ಮಲ್ಲನು ತನ್ನ ಸೊಂಟವನ್ನು ಎದುರಾಳಿಯ ಗುರುತ್ವಕೇಂದ್ರದ ಕೆಳಗೆ ತೂರಿಸುತ್ತಾನೆ. ಸೊಂಟವು ಆನಿಕೆಯಾಗುತ್ತದೆ, ಹಿಡಿದ ತೋಳು ಸನ್ನೆಯಾಗುತ್ತದೆ, ಎದುರಾಳಿ ಮುಂದಕ್ಕೆ ನುಗ್ಗಿ ಬಂದ ವೇಗವೇ ಅವನಿಗೆ ಶತ್ರುವಾಗುತ್ತದೆ.

ಎತ್ತುವವನೂ ಎತ್ತಿಸಿಕೊಳ್ಳುವವನೂ

ಇನ್ನು ರಂಗದ ಕುಸ್ತಿ. ೧೯೮೭ರ ಮಾರ್ಚ್ ೨೯ರಂದು ಅಮೆರಿಕದ ಪಾಂಟಿಯಾಕ್ ನಗರದಲ್ಲಿ ಹಲ್ಕ್ ಹೋಗನ್ ಎಂಬ ಮಲ್ಲನು ಆಂಡ್ರೆ ಎಂಬ ದೈತ್ಯನನ್ನು ಎತ್ತಿ ಕೆಡಹಿದ ದೃಶ್ಯವನ್ನು ಅಭಿಮಾನಿಗಳು ಇಂದಿಗೂ ಕೊಂಡಾಡುತ್ತಾರೆ. ಜಾಹೀರಾತಿನಲ್ಲಿ ಆಂಡ್ರೆಯ ತೂಕವನ್ನು ೫೨೦ ಪೌಂಡು, ಎಂದರೆ ಸುಮಾರು ೨೩೬ ಕಿಲೋಗ್ರಾಂ, ಎಂದು ಸಾರಿದ್ದರು. ಅವನ ದೈತ್ಯಾಕಾರಕ್ಕೆ ಕಾರಣ ಮೆದುಳಿನ ಬುಡದಲ್ಲಿರುವ ಪಿಟ್ಯೂಟರಿ ಗ್ರಂಥಿಯು ಬೆಳವಣಿಗೆಯ ರಸವನ್ನು ಮಿತಿಮೀರಿ ಸುರಿಸುವ ಕಾಯಿಲೆ. ಆ ಹೊತ್ತಿಗೆ ಅವನಿಗೆ ಬೆನ್ನುನೋವು ಬಾಧಿಸುತ್ತಿದ್ದಿತು. ೧೯೯೩ರಲ್ಲಿ, ನಲವತ್ತಾರನೆಯ ವಯಸ್ಸಿನಲ್ಲಿ, ಅವನು ತೀರಿಕೊಂಡನು.

ಇಷ್ಟು ಭಾರವನ್ನು ಎತ್ತುವುದು ಹೇಗೆ? ನೂರು ಕಿಲೋಗ್ರಾಂ ಭಾರವನ್ನು ಒಂದು ಮೀಟರ್ ಎತ್ತಲು ೯೮೦ ಜೂಲು ಕೆಲಸ ಬೇಕು. ಎತ್ತಿಸಿಕೊಳ್ಳುವವನು ತಾನೇ ನೆಲವನ್ನು ಒದ್ದು ೩೦ ಸೆಂಟಿಮೀಟರ್ ನೆಗೆದರೆ, ಅದರಲ್ಲಿ ೨೯೪ ಜೂಲು ಅವನ ಕಾಲಿನಿಂದಲೇ ಬರುತ್ತದೆ. ಬಳಿಕ ಅವನು ಮೈಯನ್ನು ಬಿಗಿಹಿಡಿದು ಎತ್ತುವವನ ಎದೆಗೆ ಅಂಟಿಕೊಂಡಿದ್ದರೆ, ಭಾರದ ತೋಳು ಕಿರಿದಾಗಿ ಎತ್ತುವವನ ಬೆನ್ನಿನ ಶ್ರಮ ತಗ್ಗುತ್ತದೆ. ಮಟ್ಟಿಯಲ್ಲಿ ನಿಜವಾಗಿ ಕಾದಾಡುವವನು ಇದಕ್ಕೆ ತದ್ವಿರುದ್ಧವಾಗಿ ಮೈಯನ್ನು ಸಡಿಲಬಿಟ್ಟು, ಕಾಲನ್ನು ದೂರ ಚಾಚಿ, ನೀರು ತುಂಬಿದ ಚರ್ಮದ ಚೀಲದಂತಾಗುತ್ತಾನೆ. ರಂಗದ ಮೇಲಿನ ಒಂದೊಂದು ಎತ್ತುವಿಕೆಯೂ ಇಬ್ಬರು ಸೇರಿ ಮಾಡುವ ಕೆಲಸವೆಂಬುದು ಇದರಿಂದ ವಿಶದವಾಗುತ್ತದೆ.

ಆ ಕುಸ್ತಿಯನ್ನು ಕುರಿತು ನಮ್ಮ ಅಭಿಪ್ರಾಯವನ್ನು ಹೇಳುವುದಾದರೆ, ಪಟ್ಟುಗಳ ದೃಷ್ಟಿಯಿಂದ ಅದು ಬಡವಾದುದು. ಕಥೆಯ ದೃಷ್ಟಿಯಿಂದ ಅದಕ್ಕೆ ಸಾಟಿಯಾದವು ಕಡಮೆ. ಬಹುಕಾಲದ ಗೆಳೆಯನು ಹಗೆಯಾದನು, ಎತ್ತಲಾಗದವನನ್ನು ಎತ್ತಬೇಕಾಯಿತು. ಮೊದಲ ಸಲ ಎತ್ತಲು ಹೋಗಿ ಭಾರಕ್ಕೆ ಕುಸಿದವನು ಕೊನೆಯಲ್ಲಿ ಎತ್ತಿದನು. ಭಾರ ಭಾರವಾಗಿಯೇ ಕಂಡುದರಿಂದ ಕಥೆಯನ್ನು ಜನರು ನಂಬಿದರು. ದೇಹದ ನಿಯಮವನ್ನು ಗೌರವಿಸುವ ಕಥೆಯೇ ಒಳ್ಳೆಯ ಕಥೆ. ತಲೆಗೆ ಹತ್ತು ಏಟು ಬಿದ್ದವನು ಮರುಕ್ಷಣದಲ್ಲಿ ಕುಣಿಯತೊಡಗಿದರೆ ನಮಗೆ ಬೇಸರ ಬರುವುದು ಈ ಕಾರಣದಿಂದಲೇ.

ಬೀಳುವ ವಿದ್ಯೆ

ಒಂದೂವರೆ ಮೀಟರ್ ಎತ್ತರದಿಂದ ಬಿದ್ದವನು ನೆಲವನ್ನು ಮುಟ್ಟುವಾಗ ಸೆಕೆಂಡಿಗೆ ಸುಮಾರು ೫.೪ ಮೀಟರ್, ಎಂದರೆ ಗಂಟೆಗೆ ೧೯ ಕಿಲೋಮೀಟರಿಗಿಂತ ಹೆಚ್ಚಿನ, ವೇಗದಲ್ಲಿರುತ್ತಾನೆ. ಈ ವೇಗವು ಯಾವ ನೆಲದ ಮೇಲೆ ಬಿದ್ದರೂ ಒಂದೇ. ನೋವು ಇರುವುದು ವೇಗದಲ್ಲಲ್ಲ, ಆ ವೇಗ ಎಷ್ಟು ದೂರದಲ್ಲಿ ಸೊನ್ನೆಯಾಗುತ್ತದೆ ಎಂಬುದರಲ್ಲಿ. ನೆನಪಿಡಲು ಸುಲಭವಾದ ಒಂದು ಸೂತ್ರವಿದೆ: ಬಿದ್ದ ಎತ್ತರವನ್ನು ನಿಲ್ಲುವ ದೂರದಿಂದ ಭಾಗಿಸಿದರೆ, ಮೈಮೇಲೆ ಬೀಳುವ ಸರಾಸರಿ ಬಲವು ತೂಕದ ಎಷ್ಟು ಪಟ್ಟೆಂಬುದು ಸುಮಾರಾಗಿ ದೊರೆಯುತ್ತದೆ. ಸಿಮೆಂಟಿನ ನೆಲದ ಮೇಲೆ ಒಂದು ಸೆಂಟಿಮೀಟರಿನಲ್ಲಿ ನಿಂತರೆ ೧೫೦ ಪಟ್ಟು. ಬಾಗುವ ನೆಲದ ಮೇಲೆ ಹತ್ತು ಸೆಂಟಿಮೀಟರಿನಲ್ಲಿ ನಿಂತರೆ ೧೫ ಪಟ್ಟು.

ಕುಸ್ತಿಯ ರಿಂಗಿನಲ್ಲಿ ಕ್ಯಾನ್ವಾಸಿನ ಕೆಳಗೆ ತೆಳುವಾದ ಮೆತ್ತೆ, ಅದರ ಕೆಳಗೆ ಮರದ ಹಲಗೆ, ಅದರ ಕೆಳಗೆ ಉಕ್ಕಿನ ತೊಲೆಗಳಿರುತ್ತವೆ. ಕೆಲವೆಡೆ ನಡುವೆ ಸ್ಪ್ರಿಂಗನ್ನೂ ಇಡುವುದುಂಟು. ಬಿದ್ದೊಡನೆ ಹಲಗೆ ಬಾಗಿ ನಿಲ್ಲುವ ದೂರವನ್ನು ಹೆಚ್ಚಿಸುತ್ತದೆ. ‘ಧಡ್’ ಎಂಬ ದೊಡ್ಡ ಸದ್ದು ಕೇಳಿ ನೋಡುವವರು ಅಯ್ಯೋ ಎನ್ನುತ್ತಾರೆ. ವಾಸ್ತವವಾಗಿ ಆ ಸದ್ದು ಹಲಗೆ ಬಾಗಿ ಕಂಪಿಸಿದುದರ ಗುರುತು. ಸದ್ದಿಲ್ಲದ ಗಟ್ಟಿ ನೆಲವೇ ಹೆಚ್ಚು ಕ್ರೂರವಾದುದು. ನಮ್ಮ ಗರಡಿಯಲ್ಲಿ ಕೆಂಪು ಮಣ್ಣನ್ನು ಜರಡಿ ಹಿಡಿದು, ಎಣ್ಣೆ, ಅರಿಸಿನ, ಮಜ್ಜಿಗೆ ಮುಂತಾದುವನ್ನು ಬೆರೆಸಿ, ಅಗೆದಗೆದು ಸಡಿಲವಾಗಿಡುವುದೂ ಇದೇ ಉದ್ದೇಶಕ್ಕೆ. ದಿನವೂ ಮಟ್ಟಿಯನ್ನು ಅಗೆಯುವ ಹುಡುಗನು, ತಿಳಿದೋ ತಿಳಿಯದೆಯೋ, ನಾಳೆ ಬೀಳುವವನ ಬೆನ್ನೆಲುಬನ್ನು ಕಾಯುತ್ತಿದ್ದಾನೆ.

ನೆಲವೊಂದೇ ಸಾಲದು. ಬೀಳುವವನು ಬಲವನ್ನು ಹೆಚ್ಚು ಜಾಗಕ್ಕೆ ಹಂಚಬೇಕು. ಮೊಣಕೈಯ ತುದಿ ನಾಲ್ಕೈದು ಚದರ ಸೆಂಟಿಮೀಟರ್ ಇದ್ದೀತು. ಬೆನ್ನು ಮತ್ತು ತೋಳುಗಳು ಒಟ್ಟಿಗೆ ತಾಗಿದರೆ ಅದು ಸಾವಿರ ಚದರ ಸೆಂಟಿಮೀಟರನ್ನೂ ಮೀರುತ್ತದೆ. ಅದೇ ಬಲ, ಆದರೆ ಒತ್ತಡ ಇನ್ನೂರರಲ್ಲಿ ಒಂದು ಪಾಲು. ಇದಕ್ಕಾಗಿಯೇ ನುರಿತ ಮಲ್ಲನು ಬೆನ್ನು ಚಪ್ಪಟೆಯಾಗಿ, ಅಂಗೈಗಳಿಂದ ನೆಲವನ್ನು ಬಡಿಯುತ್ತ ಬೀಳುತ್ತಾನೆ. ಗದ್ದವನ್ನು ಎದೆಗೆ ಒತ್ತಿ ಹಿಡಿದಿರುತ್ತಾನೆ. ಹಾಗೆ ಮಾಡದಿದ್ದರೆ ತಲೆ ಹಿಂದಕ್ಕೆ ಬೀಸಿ ನೆಲಕ್ಕೆ ಬಡಿಯುತ್ತದೆ, ಬುರುಡೆ ನಿಂತರೂ ಜಡತ್ವದ ಕಾರಣ ಒಳಗಿನ ಮೆದುಳು ಮುಂದಕ್ಕೆ ಸಾಗುತ್ತದೆ. ಎದುರಾಳಿಯ ಎದೆಯ ಮೇಲೆ ಮೊಣಕೈಯಿಂದ ಎರಗಿದಂತೆ ತೋರಿಸುವವನು ಕೂಡ ತನ್ನ ಪಕ್ಕೆ, ತೊಡೆಗಳ ಮೇಲೆಯೇ ಭಾರವನ್ನು ಇಳಿಸುತ್ತಾನೆ. ಈ ಅಭ್ಯಾಸಕ್ಕೆ ವರ್ಷಗಳು ಹಿಡಿಯುತ್ತವೆ.

ಕಥೆ ಮೀರಿದ ಎತ್ತರ

ಈ ಜಾಣತನಕ್ಕೂ ಮೇರೆಯಿದೆ. ೧೯೯೮ರ ಜೂನ್ ೨೮ರಂದು ಪಿಟ್ಸ್‌ಬರ್ಗ್ ನಗರದಲ್ಲಿ ಅಂಡರ್‌ಟೇಕರನು ಮ್ಯಾನ್‌ಕೈಂಡ್ ಎಂಬ ಹೆಸರಿನಲ್ಲಿ ಆಡುತ್ತಿದ್ದ ಮಿಕ್ ಫೋಲಿಯನ್ನು ಸುಮಾರು ಹದಿನಾರು ಅಡಿ ಎತ್ತರದ ಪಂಜರದ ಮೇಲಿನಿಂದ ಕೆಳಗಿದ್ದ ಮೇಜಿನ ಮೇಲೆ ಎಸೆದನು. ಹದಿನಾರು ಅಡಿಯೆಂದರೆ ೪.೯ ಮೀಟರ್, ಭೌತಶಾಸ್ತ್ರದ ವಿದ್ಯಾರ್ಥಿಗೆ ಇದು ಪರಿಚಿತ ಸಂಖ್ಯೆ. ನಿಶ್ಚಲ ಸ್ಥಿತಿಯಿಂದ ಬೀಳುವ ವಸ್ತು ಸರಿಯಾಗಿ ಒಂದು ಸೆಕೆಂಡಿನಲ್ಲಿ ಕ್ರಮಿಸುವ ದೂರವದು. ಕೊನೆಯ ವೇಗ ಸೆಕೆಂಡಿಗೆ ೯.೮ ಮೀಟರ್, ಗಂಟೆಗೆ ೩೫ ಕಿಲೋಮೀಟರ್. ಆ ಬೀಳುವಿಕೆ ಮೊದಲೇ ಮಾತನಾಡಿಕೊಂಡದ್ದು. ಮುರಿದ ಮೇಜು ನಿಲ್ಲುವ ದೂರವನ್ನು ಹೆಚ್ಚಿಸಿತು. ಆದರೆ ಸ್ವಲ್ಪ ಹೊತ್ತಿನಲ್ಲಿ ಪಂಜರದ ಚಾವಣಿಯೇ ಕಿತ್ತು ಅವನು ಎರಡನೆಯ ಬಾರಿ ಬಿದ್ದುದು ಯಾವ ಒಪ್ಪಂದದಲ್ಲಿಯೂ ಇರಲಿಲ್ಲ. ಆಗ ಅವನಿಗೆ ಎಚ್ಚರ ತಪ್ಪಿತು.

ಈ ಕುಸ್ತಿಯನ್ನು ಅನೇಕರು ಅತ್ಯುತ್ತಮವೆಂದು ಹೊಗಳುತ್ತಾರೆ. ನಾವು ಒಪ್ಪಲಾರೆವು. ಫೋಲಿಯ ಧೈರ್ಯ ದೊಡ್ಡದು, ಸಂದೇಹವಿಲ್ಲ. ಆದರೆ ಎತ್ತರದಿಂದ ಬೀಳುವುದೇ ಮೆಚ್ಚುಗೆಯ ಅಳತೆಯಾದರೆ ನಾಳೆ ಬರುವವನು ಇನ್ನೂ ಎತ್ತರಕ್ಕೆ ಏರಬೇಕಾಗುತ್ತದೆ. ಏಣಿ ಬೆಳೆದಂತೆ ಮನುಷ್ಯನ ಎಲುಬು ಬೆಳೆಯುವುದಿಲ್ಲ.

೧೯೯೯ರ ಮೇ ೨೩ರಂದು ಕಾನ್ಸಾಸ್ ಸಿಟಿಯಲ್ಲಿ ಮೂವತ್ತನಾಲ್ಕು ವರ್ಷದ ಓವನ್ ಹಾರ್ಟ್ ಎಂಬ ಮಲ್ಲನು, ಕಥೆಯ ಪ್ರಕಾರ, ಸಭಾಂಗಣದ ಚಾವಣಿಯಿಂದ ತಂತಿಗೆ ತೂಗಿ ರಿಂಗಿಗೆ ಇಳಿಯಬೇಕಾಗಿದ್ದಿತು. ತೊಡಿಸಿದ್ದ ಪಟ್ಟಿಯ ಕೊಂಡಿ ಅಕಾಲದಲ್ಲಿ ಬಿಚ್ಚಿಕೊಂಡಿತು. ಸುಮಾರು ೨೪ ಮೀಟರ್. ಎರಡು ಸೆಕೆಂಡಿಗೆ ಸ್ವಲ್ಪ ಹೆಚ್ಚು ಕಾಲ. ಗಂಟೆಗೆ ಸುಮಾರು ೭೮ ಕಿಲೋಮೀಟರ್ ವೇಗ. ಅವನು ಬದುಕಿ ಉಳಿಯಲಿಲ್ಲ. ನೆರೆದಿದ್ದ ಸಾವಿರಾರು ಮಂದಿಯಲ್ಲಿ ಹಲವರು ಇದೂ ಕಥೆಯ ಒಂದು ಭಾಗವೆಂದೇ ಮೊದಲು ಭಾವಿಸಿದರು. ಕಥೆಯಲ್ಲಿ ಅವನು ಇಳಿದು ಬರಬೇಕೆಂದು ಬರೆದಿತ್ತು. ಗುರುತ್ವಾಕರ್ಷಣೆಗೆ ಓದು ಬರದು.

ನಮ್ಮ ಊರಿನ ಒಂದು ಜಗಲಿ

ದೂರದ ಊರಿನ ಮಾತು ಸಾಕು. ಮಳವಳ್ಳಿಯ ಕಡೆಯ ಒಂದು ಹಳ್ಳಿಯಲ್ಲಿ, ನಾವು ಏಳನೆಯ ತರಗತಿಯಲ್ಲಿದ್ದಾಗ, ಗೆಳೆಯನೊಬ್ಬನು ಭಾನುವಾರ ಟೀವಿಯಲ್ಲಿ ಕಂಡ ಪಟ್ಟನ್ನು ಸೋಮವಾರ ತೋರಿಸಲು ಹೊರಟನು. ಜಗಲಿಯ ಮೇಲಿನಿಂದ ಹಾರಿ, ಕೆಳಗೆ ಮಲಗಿದ್ದವನ ಮೇಲೆ ಮೊಣಕೈಯಿಂದ ಎರಗಬೇಕು. ಮಲಗಿದ್ದವನು ಹೆದರಿ ಪಕ್ಕಕ್ಕೆ ಹೊರಳಿದನು. ಜಗಲಿಯ ಎತ್ತರ ಮೂರಡಿಯನ್ನು ಮೀರಿರಲಿಲ್ಲ. ಕೆಳಗಿದ್ದುದು ಕಲ್ಲುಚಪ್ಪಡಿ. ಮುರಿದ ಮೊಣಕೈ ಕೂಡಿಕೊಂಡಿತಾದರೂ, ಇಂದಿಗೂ ಅವನ ಬಲತೋಳು ಪೂರ್ತಿ ನೀಳವಾಗುವುದಿಲ್ಲ. ಹೊರಳಿದ ಹುಡುಗ ನಾವೇ. ನಾವು ಹೊರಳದಿದ್ದರೆ ಮುರಿಯುತ್ತಿದ್ದುದು ನಮ್ಮ ಪಕ್ಕೆಲುಬು. ಅಂದು ನಮಗಿಬ್ಬರಿಗೂ ತಿಳಿಯದಿದ್ದ ಸಂಗತಿಗಳು ಎರಡೇ: ನಿಲ್ಲುವ ದೂರ, ತಾಗುವ ಜಾಗ.

ನಂಬಿಕೆಯಿಲ್ಲದವರು ಒಂದು ಪ್ರಯೋಗವನ್ನು ಮಾಡಿ ನೋಡಬಹುದು. ಹಳೆಯ ಪಂಚೆಯೊಂದನ್ನು ಇಬ್ಬರು ತೆರೆಯಂತೆ ಸಡಿಲವಾಗಿ ಹಿಡಿದು, ಕೆಳಗಿನ ಅಂಚನ್ನು ಜೋಳಿಗೆಯಂತೆ ಮಡಿಸಲಿ. ಮೂರನೆಯವನು ಹಸಿಮೊಟ್ಟೆಯೊಂದನ್ನು ಬಲವಾಗಿ ಪಂಚೆಯ ನಡುವಿಗೆ ಎಸೆಯಲಿ, ಅದು ಒಡೆಯುವುದಿಲ್ಲ. ಅದೇ ಮೊಟ್ಟೆಯನ್ನು ಮೊಳದೆತ್ತರದಿಂದ ಕಲ್ಲಿನ ಮೇಲೆ ಬಿಟ್ಟರೆ ಉಳಿಯುವುದಿಲ್ಲ. ನಮ್ಮ ತಲೆಬುರುಡೆ ಮೊಟ್ಟೆಗಿಂತ ಗಟ್ಟಿಯೇನೋ ನಿಜ. ಒಳಗಿರುವುದು ಮಾತ್ರ ಮೊಟ್ಟೆಯೊಳಗಿನದಕ್ಕಿಂತ ಬಹಳ ಗಟ್ಟಿಯಲ್ಲ.

ಹಿಂದಿನ ಬೆಂಚಿನ ಪ್ರಶ್ನೆಗೆ ಈಗ ನಮ್ಮ ಉತ್ತರವಿದು. ರಂಗದ ಕುಸ್ತಿಯಲ್ಲಿ ಹಗೆ ಸುಳ್ಳು, ಗೆಲವು ಸುಳ್ಳು. ತೂಕ ನಿಜ, ವೇಗ ನಿಜ, ನೆಲ ನಿಜ. ಅಲ್ಲಿ ಕಾಣುವ ನಿಜವಾದ ವಿದ್ಯೆಯೆಂದರೆ, ತನ್ನ ಕೈಗೆ ಕುತ್ತಿಗೆಯನ್ನು ಒಪ್ಪಿಸಿದ ಎದುರಾಳಿಯನ್ನು ಊನವಿಲ್ಲದೆ ನೆಲಕ್ಕೆ ಇಳಿಸುವುದು. ಅದನ್ನು ಬಲ್ಲವನನ್ನು ಮೋಸಗಾರನೆಂದು ಹಳಿಯುವುದೂ ಸರಿಯಲ್ಲ. ಅದನ್ನು ಕಲಿಯದೆ ಕಾಲೇಜಿನ ಹಾಸ್ಟೆಲಿನಲ್ಲಿ ಮಂಚದಿಂದ ಮಂಚಕ್ಕೆ ಹಾರುವುದೂ ಸರಿಯಲ್ಲ. ಕುಸ್ತಿಯ ಆಸೆ ನಿಜವಾಗಿದ್ದರೆ ಹತ್ತಿರದ ಗರಡಿಯ ಬಾಗಿಲನ್ನು ತಟ್ಟಿ. ಉಸ್ತಾದರು ಮೊದಲ ದಿನ ನಿಮಗೆ ಪಟ್ಟನ್ನು ಹೇಳಿಕೊಡಲಾರರು. ಗುದ್ದಲಿಯನ್ನು ಕೈಗೆ ಕೊಟ್ಟು ಮಟ್ಟಿಯನ್ನು ಅಗೆಯಲು ಹೇಳಿಯಾರು. ಬೇಸರಪಡದೆ ಅಗೆಯಿರಿ. ಕುಸ್ತಿಯ ಮೊದಲ ಪಾಠ ಅದೇ.